ಕಾಗೆ ಗುರುತಿಟ್ಟ ಮುಖ

ಬಿಸಿಲಿಲ್ಲ, ಮಳೆಯಿಲ್ಲ, ಆದರೂ ಅತ್ತಿಗೆ ಎದುರಿನ ಅಂಗಡಿಗೂ ಕೊಡೆ ಬಿಚ್ಚಿಕೊಂಡೇ ಹೋಗುತ್ತಿದ್ದಳು. ಕಾರಣ ಒಂದು ಕಾಗೆ. ಬೀದಿಯಲ್ಲಿ ಅಷ್ಟು ಜನ ಓಡಾಡಿದರೂ ಅದು ಬಂದು ಕುಕ್ಕುತ್ತಿದ್ದುದು ಅವಳ ತಲೆಯನ್ನು ಮಾತ್ರ.

ಕೆಡುಕು ಮಾಡಿದವರ ಮುಖವನ್ನು ಕಾಗೆ ಮರೆಯುವುದಿಲ್ಲ ಎಂದು ಕೆಳಮನೆಯ ಟೀಚರಮ್ಮ ಫೋನಿನಲ್ಲಿ ನನ್ನ ಕಿವಿಯೂದಿದ್ದರು. ನನಗೂ ಅಷ್ಟೇ ಬೇಕಿತ್ತು. ಪಾರ್ಶ್ವವಾಯು ಹೊಡೆದು ಅಪ್ಪನ ಬಲಗೈ ಬಿದ್ದುಹೋದಾಗಿನಿಂದ ಅವನನ್ನು ನೋಡಿಕೊಳ್ಳುತ್ತಿದ್ದವಳು ಅತ್ತಿಗೆ. ಅಣ್ಣ ಲಾರಿ ಓಡಿಸುವವನು, ಮನೆಯಲ್ಲಿರುವುದೇ ಅಪರೂಪ. ಅವನ ಬೆನ್ನ ಹಿಂದೆ ಇವಳು ಏನೇನು ಮಾಡುತ್ತಿದ್ದಾಳೋ ಯಾರಿಗೆ ಗೊತ್ತು? ಅಪ್ಪನನ್ನು ನನ್ನ ಮನೆಗೆ ಕರೆದೊಯ್ಯಲೇಬೇಕೆಂದು ತೀರ್ಮಾನಿಸಿಯೇ ಬಂದಿದ್ದೆ.

ಬಂದು ಕಂಡದ್ದೂ ಸರಿಬರಲಿಲ್ಲ. ಅಪ್ಪನ ತಟ್ಟೆಯಲ್ಲಿದ್ದ ಅರ್ಧ ಬ್ರೆಡ್ಡನ್ನು ಅವಳು ಬಟ್ಟಲಿಗೆ ಹಾಕಿ ಮರೆಮಾಡಿದಳು. ಅವನ ಕೋಣೆಯಿಂದ ತಾರಸಿಗೆ ಹೋಗುವ ಬಾಗಿಲಿಗೆ ಸದಾ ಚಿಲಕ. ಯಾಕೆಂದು ಕೇಳಿದರೆ ಗಾಳಿ ಎಂದಳು. ಹೊರಗೆ ಒಂದೆಲೆ ಅಲುಗುತ್ತಿರಲಿಲ್ಲ. ಅಪ್ಪನನ್ನು ಕೇಳಿದರೆ ಅವನು ಅವಳ ಮುಖ ನೋಡಿ ಬಾಯಿಗೆ ಬೀಗ ಹಾಕಿಕೊಂಡ. ಹೆದರಿಸಿ ಇಟ್ಟಿದ್ದಾಳೆ ಎಂದುಕೊಂಡೆ.

ಅವನ ಬಟ್ಟೆಗಳನ್ನು ಬ್ಯಾಗಿಗೆ ತುಂಬಿ, ಎಬ್ಬಿಸಲು ಹೋದರೆ ಮಂಚ ಖಾಲಿ. ಚಿಲಕ ತೆಗೆದಿತ್ತು. ಬಾಗಿಲು ತಳ್ಳಿದೆ.

ನೀರಿನ ಟ್ಯಾಂಕಿನ ನೆರಳಲ್ಲಿ ಅಪ್ಪ ಕುರ್ಚಿಯಲ್ಲಿ ಕುಳಿತಿದ್ದ. ತೊಡೆಯ ಮೇಲೊಂದು ಬುಟ್ಟಿ. ಅದರಲ್ಲಿ ರೆಕ್ಕೆಗೆ ಬಟ್ಟೆ ಸುತ್ತಿದ ಕಾಗೆಮರಿ ಬಾಯಿ ತೆರೆದು ಕೂತಿತ್ತು. ನೆನೆಸಿದ ಬ್ರೆಡ್ಡಿನ ಚೂರನ್ನು ಅಪ್ಪ ಅದರ ಬಾಯಿಗಿಡುತ್ತಿದ್ದ. ಬಲಗೈಯಿಂದ. ಕೈ ನಡುಗುತ್ತಿತ್ತು, ಆದರೆ ಎದ್ದಿತ್ತು. ಅತ್ತಿಗೆ ಅವನ ಹಿಂದೆ ಕೊಡೆ ಹಿಡಿದು ನಿಂತಿದ್ದಳು.

ಗೂಡಿನಿಂದ ಬಿದ್ದ ಮರಿಯನ್ನು ಬೆಕ್ಕಿನ ಬಾಯಿಂದ ಬಿಡಿಸಿ ತಂದವಳು ಅವಳೇ ಎಂದು ಅಪ್ಪ ಹೇಳಿದ. ತಾಯಿಕಾಗೆಯ ಲೆಕ್ಕದಲ್ಲಿ ಮಾತ್ರ ಅವಳು ಮರಿಗಳ್ಳಿ.

“ನಂಗೊಂದು ಮಾತು ಹೇಳ್ಬಾರ್ದಿತ್ತಾ ಅತ್ತಿಗೆ?”

“ಕಾಗೆ ಕೂತ್ರೆ ಅಪಶಕುನ ಅಂತ ಕಿಟಕಿ ತೊಳೆಸೋಳು ನೀನು. ಹೇಳಿದ್ರೆ ಮರೀನ ಇಟ್ಕೊಳ್ಳೋಕೆ ಬಿಡ್ತಿದ್ಯಾ?”

ನನ್ನ ಕೈಯಲ್ಲಿದ್ದ ಬ್ಯಾಗ್ ನೋಡಿ ಅಪ್ಪ, ಮರಿ ಹಾರುವವರೆಗೆ ಎಲ್ಲಿಗೂ ಬರುವುದಿಲ್ಲ ಎಂದ. “ಹಾರಿದ ಮೇಲೆ?” ಎಂದು ಕೇಳಿದೆ. ಅತ್ತಿಗೆಯ ಕಡೆ ನೋಡಿ, ಆಮೇಲೂ ಇಲ್ಲ ಎಂದ.

ನಾಚಿಕೆಯಿಂದ ಮುಖ ಎಲ್ಲಿಡಬೇಕೆಂದು ತಿಳಿಯದೆ ಬಗ್ಗಿ ಮರಿಯನ್ನು ಮುಟ್ಟಿದೆ. ಎಲ್ಲಿತ್ತೋ ತಾಯಿಕಾಗೆ, ಎರಗಿ ಬಂದು ನನ್ನ ನೆತ್ತಿಯನ್ನೇ ಕುಕ್ಕಿತು. ಅತ್ತಿಗೆ ಕೊಡೆಯನ್ನು ನನ್ನ ತಲೆಯ ಮೇಲಕ್ಕೆ ಸರಿಸಿದಳು. ಅವಳ ತಲೆ ಬಯಲಾಯಿತು.

“ಇನ್ಮೇಲೆ ನಿನ್ನನ್ನೂ ಮರೆಯಲ್ಲ ಅದು,” ಎಂದಳು. “ಹತ್ರ ಬಾ.”