ಕಾಲರಿಗೆ ಚುಚ್ಚಿದ ಲಕೋಟೆ

ಬಟ್ಟೆ ನೀರಿಗೆ ಹಾಕುವ ಮೊದಲು ಜೇಬು ನೋಡದಿದ್ದರೆ ಏನಾಗುತ್ತದೆ ಎಂಬುದು ಎಲ್ಲ ಮನೆಯವರಿಗೂ ಗೊತ್ತು. ಒಂದು ಪೆನ್ನು ಹತ್ತು ಅಂಗಿಯನ್ನು ಹಾಳುಮಾಡುತ್ತದೆ. ಎರಡು ಬೀದಿ ಕೂಡುವ ಮೂಲೆಯಲ್ಲಿ ಗಂಡನ ಜೊತೆ ಲಾಂಡ್ರಿ ನಡೆಸುತ್ತಿದ್ದ, ಬೀದಿಯವರೆಲ್ಲ ಅಕ್ಕ ಎಂದೇ ಕರೆಯುತ್ತಿದ್ದ ಹೆಂಗಸು ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಜೇಬು ನೋಡುವುದನ್ನು ಮರೆತವಳಲ್ಲ. ಬೀಗದ ಕೈ, ಕನ್ನಡಕ, ಪ್ರೇಮಪತ್ರ, ಒಮ್ಮೆ ಯಾರದೋ ಕಟ್ಟಿಸಿಕೊಂಡ ಹಲ್ಲಿನ ಸೆಟ್ಟು, ಎಲ್ಲ ಅವಳ ಕೈಗೆ ಸಿಕ್ಕಿದ್ದವು. ಸಿಕ್ಕಿದ್ದನ್ನು ಸಣ್ಣ ಲಕೋಟೆಗೆ ಹಾಕಿ, ಇಸ್ತ್ರಿಯಾದ ಬಟ್ಟೆಯ ಕಾಲರಿಗೆ ಪಿನ್ನಿನಿಂದ ಚುಚ್ಚಿ ಕೊಟ್ಟುಬಿಡುವುದು ಅಂಗಡಿಯ ಪದ್ಧತಿ. ಏನಿದು, ಯಾರದು ಎಂದು ಕೇಳುವಂತಿಲ್ಲ. ಅತ್ತೆಯ ಕಾಲದಲ್ಲಿ ಒಂದು ಪತ್ರದ ಬಗ್ಗೆ ತಮಾಷೆಗೆ ಕೇಳಿದ ಮಾತಿನಿಂದ ಒಂದು ಸಂಸಾರವೇ ಮುರಿಯುವುದರಲ್ಲಿತ್ತು. ಅಂದಿನಿಂದ ಅಂಗಡಿಯ ಬಾಯಿಗೆ ಹೊಲಿಗೆ ಬಿದ್ದಿತ್ತು.

ಆ ಗುರುವಾರ ಅವಳ ಕೈಗೆ ಬಂದದ್ದು ಸ್ವಂತ ಮಗಳ ಜಾಕೆಟ್ಟು. ಮಗಳಿಗೆ ಹದಿನಾರು. ಎರಡು ವರ್ಷದವಳಿದ್ದಾಗ ಗಿರಾಕಿಯ ಕೋಟಿನ ಗುಂಡಿ ನುಂಗಿ ಇಡೀ ಬೀದಿಯನ್ನು ಗಾಬರಿಪಡಿಸಿದ್ದಕ್ಕೆ ಅವಳಿಗೆ ಗುಂಡಿ ಎಂಬ ಹೆಸರೇ ಅಂಟಿಕೊಂಡಿತ್ತು. ಒಳಜೇಬಿನಲ್ಲಿ ಹೆಬ್ಬೆರಳಿನ ಉಗುರಿನಷ್ಟಗಲದ ಪ್ಲಾಸ್ಟಿಕ್ ಕವರು. ಅದರೊಳಗೆ ಎರಡು ಗುಲಾಬಿ ಬಣ್ಣದ ಮಾತ್ರೆ, ಮೇಲೆ ನಕ್ಷತ್ರದ ಅಚ್ಚು. ಹೆಸರಿಲ್ಲ, ಕಂಪನಿಯಿಲ್ಲ. ಆಸ್ಪತ್ರೆಯ ಹಾಸುಬಟ್ಟೆಗಳ ರಾಶಿ ಕಾಯುತ್ತಿತ್ತು. ಅವಳ ಕೈ ತನ್ನ ಪಾಡಿಗೆ ತಾನು ಲಕೋಟೆ ತೆಗೆದುಕೊಂಡಿತು. ಸಂಜೆ ಮಗಳ ಕೋಣೆಯ ಬಾಗಿಲಿಗೆ ಜಾಕೆಟ್ಟು ತೂಗುಹಾಕಿ ಹಿಂದೆ ಸರಿದು ನೋಡಿದಾಗ ಅಕ್ಕನಿಗೆ ನಗು ಬಂತು. ಹೆತ್ತ ಮಗಳಿಗೂ ಗಿರಾಕಿಯ ಮರ್ಯಾದೆ! ಯಾವುದೋ ಶಕ್ತಿಯ ಮಾತ್ರೆ ಇರಬೇಕು ಅಂದುಕೊಂಡಳು. ಹಾಗಂದುಕೊಂಡ ಮೇಲೂ ಮನಸ್ಸಿನ ಒಂದು ಮೂಲೆ ಸುಕ್ಕಾಗಿಯೇ ಉಳಿಯಿತು.

ಮರುದಿನ ಲಕೋಟೆ ಇರಲಿಲ್ಲ. ಗುಂಡಿ ಏನೂ ಹೇಳಲಿಲ್ಲ. ಊಟಕ್ಕೆ ಕೂತಾಗ ಎರಡು ಸಲ ತಾಯಿಯ ಮುಖ ನೋಡಿದಳು, ಎರಡು ಸಲವೂ ತಟ್ಟೆಯ ಕಡೆ ತಿರುಗಿದಳು. ಅಕ್ಕನೂ ಕೇಳಲಿಲ್ಲ. ಆ ಮನೆಯಲ್ಲಿ ಕೇಳದಿರುವುದು ಅಷ್ಟು ಅಭ್ಯಾಸವಾಗಿಹೋಗಿತ್ತು.

ಶನಿವಾರ ಮಧ್ಯಾಹ್ನ ಆಸ್ಪತ್ರೆಯ ನರ್ಸಮ್ಮ ತನ್ನ ಬಿಳಿ ಕೋಟುಗಳನ್ನು ಒಯ್ಯಲು ಬಂದಳು. ಜೇಬಿನಲ್ಲಿ ಸಿಕ್ಕ ವಸ್ತುಗಳ ಕಥೆ ಕೇಳುವುದೆಂದರೆ ಆಕೆಗೆ ಇಷ್ಟ. ಅಕ್ಕ ಹಲ್ಲಿನ ಸೆಟ್ಟಿನ ಕಥೆ ಹೇಳಿ, ಅದೇ ಬಾಯಲ್ಲಿ ಯಾರೋ ಗಿರಾಕಿಯದು ಎಂಬಂತೆ ನಕ್ಷತ್ರದ ಮಾತ್ರೆಯ ವಿಷಯವನ್ನೂ ಹೇಳಿದಳು. ನರ್ಸಮ್ಮನ ನಗು ನಿಂತಿತು.

"ಯಾವ ಗಿರಾಕಿ ಅಕ್ಕಾ?"

ಅಕ್ಕ ಅಂಗಡಿಯ ಹಿಂದಿನ ಮನೆಯ ಬಾಗಿಲ ಕಡೆ ನೋಡಿದಳು. ನರ್ಸಮ್ಮನಿಗೆ ಅಷ್ಟೇ ಸಾಕಾಯಿತು. ಮೇಜಿನ ಬಳಿ ಇಸ್ತ್ರಿ ಮಾಡುತ್ತಿದ್ದ ಅಕ್ಕನ ಗಂಡನಿಗೂ ಅರ್ಥವಾಯಿತು.

"ಸಿಸ್ಟರ್, ನಮ್ಮ ಗುಂಡಿ ಜ್ವರದ ಮಾತ್ರೆ ನುಂಗೋಕೇ ಮನೆಯೆಲ್ಲ ಅಟ್ಟಾಡಿಸ್ತಾಳೆ. ಅವಳು ಅಂಥವಳಲ್ಲ."

"ಅಂಥವಳು ಅಂತ ಒಂದು ಜಾತಿ ಇಲ್ಲ ಅಣ್ಣಾ. ನಮ್ಮ ವಾರ್ಡಿಗೆ ಬರೋ ಮಕ್ಕಳ ಅಪ್ಪಂದಿರೆಲ್ಲ ಇದೇ ಮಾತು ಹೇಳ್ಕೊಂಡೇ ಬರ್ತಾರೆ."

ಆಕೆ ಕುರ್ಚಿ ಎಳೆದುಕೊಂಡು ಕೂತು ನಿಧಾನವಾಗಿ ತಿಳಿಸಿಕೊಟ್ಟಳು. ಇಂಥ ಮಾತ್ರೆಯೊಳಗೆ ಏನಿದೆ ಎಂಬುದು ಮಾರುವವನಿಗೇ ಗೊತ್ತಿರುವುದಿಲ್ಲ. ನುಂಗಿದರೆ ಎದೆ ಡವಡವ ಹೊಡೆದುಕೊಳ್ಳಬಹುದು, ಮೈ ಕಾದು ಪ್ರಜ್ಞೆ ತಪ್ಪಬಹುದು. ಒಂದೇ ಮಾತ್ರೆಗೆ ಜೀವ ಹೋದದ್ದೂ ಉಂಟು. ಗಾಂಜಾ ಬರೀ ಸೊಪ್ಪು ತಾನೇ, ಅದರಿಂದೇನು ಎಂದು ಅಕ್ಕನ ಗಂಡ ಬಾಯಿ ಹಾಕಿದ. ಸೊಪ್ಪೇ, ಆದರೆ ಬೆಳೆಯುವ ಮಕ್ಕಳಲ್ಲಿ ನೆನಪು, ಓದು, ನಿದ್ದೆ ಮೂರನ್ನೂ ಮೇಯುತ್ತದೆ, ಕೆಲವರಿಗೆ ಇಲ್ಲದ ಭಯ, ಅನುಮಾನ ಹಿಡಿಸುತ್ತದೆ ಎಂದಳು ನರ್ಸಮ್ಮ. ಪುಡಿ, ಸೂಜಿಮದ್ದುಗಳು ಬೇಗ ಚಟ ಹಿಡಿಸುತ್ತವೆ, ಹೆಚ್ಚಾದರೆ ಉಸಿರೇ ನಿಲ್ಲುತ್ತದೆ. ಒಬ್ಬರ ಸೂಜಿ ಇನ್ನೊಬ್ಬರಿಗೆ ಚುಚ್ಚಿದರೆ ಎಚ್‌ಐವಿಯೂ, ಪಿತ್ತಜನಕಾಂಗದ ಕಾಯಿಲೆಯೂ ಜೊತೆಗೇ ಬರುತ್ತವೆ. ಮನೆಯ ಕಪಾಟಿನ ನಿದ್ದೆಮಾತ್ರೆ, ಕೆಮ್ಮಿನ ಔಷಧಿ ಕೂಡ ವೈದ್ಯರು ಹೇಳದೆ ಅಮಲಿಗಾಗಿ ಕುಡಿದರೆ ವಿಷವೇ. ಆಮೇಲೆ ಆಕೆ ಗೋಡೆಯ ಗೂಡಿನಲ್ಲಿದ್ದ, ಕಲೆ ತೆಗೆಯುವ ದ್ರಾವಣದ ಡಬ್ಬಿ ತೋರಿಸಿದಳು. ಇಂಥದ್ದನ್ನು ಮೂಸುವ ಮಕ್ಕಳಿದ್ದಾರೆ, ಮೊದಲ ಸಲವೇ ಹೃದಯ ನಿಂತುಬಿಡಬಹುದು ಎಂದಳು.

ಅಕ್ಕನ ಗಂಡ ಡಬ್ಬಿಯನ್ನು ಹೊಸದಾಗಿ ನೋಡುವವನಂತೆ ನೋಡಿದ. ಅಂಗಿ ಸುಟ್ಟ ವಾಸನೆ ಬಂದ ಮೇಲೆಯೇ ಇಸ್ತ್ರಿ ಎತ್ತಿದ.

"ಹೊಸದಾಗಿ ಬಣ್ಣ ಹಾಕಿದ ಬಟ್ಟೆ ನಿಮಗೆ ಗೊತ್ತಲ್ಲ ಅಣ್ಣಾ," ಎಂದಳು ನರ್ಸಮ್ಮ. "ಒಣಗೋ ಮೊದಲು ಬೆರಳು ಇಟ್ಟರೆ ಕಲೆ ಉಳಿದುಬಿಡತ್ತೆ. ಈ ವಯಸ್ಸಿನ ಮಿದುಳೂ ಹಾಗೇ, ಇನ್ನೂ ಒಣಗಿಲ್ಲ."

ಆ ಸಂಜೆಯೇ ಐದು ಗಂಟೆಗೆ ಗುಂಡಿಯ ಸಹಪಾಠಿಯ ಹುಟ್ಟುಹಬ್ಬವಿತ್ತು. ಮಗಳು ಒಳಗೆ ತಲೆ ಬಾಚಿಕೊಳ್ಳುತ್ತಿದ್ದಳು. ಗಡಿಯಾರ ನಾಲ್ಕು ತೋರಿಸುತ್ತಿತ್ತು. ಹೋಗಿ ಎರಡು ಏಟು ಬಿಟ್ಟು ಜಾಕೆಟ್ಟು ಕಸಿದುಕೊಳ್ಳುತ್ತೇನೆ ಎಂದು ಗಂಡ ಎದ್ದ. ನರ್ಸಮ್ಮ ತಡೆದಳು. ಹೊಡೆದರೆ ಮಾತ್ರೆ ಸಿಗಬಹುದು, ಮಾತು ಸಿಗುವುದಿಲ್ಲ. ಮೊದಲು ಕೇಳಿ, ಪೂರ್ತಿ ಕೇಳಿಸಿಕೊಳ್ಳಿ ಎಂದಳು.

ಅಕ್ಕ ಒಂದು ದೊಡ್ಡ ಹಾಸುಬಟ್ಟೆ ಎತ್ತಿಕೊಂಡು ಮಗಳನ್ನು ಕರೆದಳು. ಅದನ್ನು ಮಡಿಸಲು ಇಬ್ಬರು ಬೇಕು. ಆ ತುದಿಯಲ್ಲಿ ಒಬ್ಬಳು, ಈ ತುದಿಯಲ್ಲಿ ಒಬ್ಬಳು ನಿಂತು ಎಳೆದು ಕೊಡವಿದರು. ಅಂಚು ಸೇರಿಸಲು ಇಬ್ಬರೂ ಎದುರುಬದುರಾಗಿ ಹತ್ತಿರ ಬಂದರು. ಬೆರಳಿಗೆ ಬೆರಳು ತಾಗಿತು.

"ಗುಂಡೀ, ಲಕೋಟೆಲಿ ಇದ್ದದ್ದು ಏನೇ?"

ಮಗಳು ಬಟ್ಟೆಯ ಅಂಚು ಬಿಡಲಿಲ್ಲ.

"ಎರಡು ದಿನ ಆಯ್ತಲ್ಲಮ್ಮ ಕೇಳೋಕೆ."

"ತಪ್ಪಾಯ್ತು. ಈಗ ಕೇಳ್ತಾ ಇದೀನಿ."

"ನಿನ್ನ ಕೈಗೆ ಸಿಗದ ಜೇಬು ಯಾವುದಿದೆ? ಸಿಗಲಿ ಅಂತಾನೇ ಇಟ್ಟಿದ್ದೆ. ನೀನು ಪಿನ್ನು ಚುಚ್ಚಿ ವಾಪಸ್ ಕೊಟ್ಟೆ. ಅಮ್ಮಂಗೆ ಏನೂ ಅನ್ನಿಸಲಿಲ್ಲ, ಹಾಗಾದ್ರೆ ಇದರಲ್ಲಿ ಏನೂ ಇಲ್ಲ ಅಂದ್ಕೊಂಡೆ."

ಅಕ್ಕನಿಗೆ ಹಾಸುಬಟ್ಟೆ ಒಮ್ಮೆಲೇ ಒದ್ದೆಯಾದಷ್ಟು ಭಾರವಾಯಿತು.

ಉಳಿದದ್ದನ್ನು ಗುಂಡಿ ಮಡಿಕೆ ಮಡಿಕೆಯಾಗಿ ಬಿಚ್ಚಿದಳು. ಮಾತ್ರೆ ಕೊಟ್ಟವಳು ಬೆಂಚಿನ ಗೆಳತಿ. ಹುಟ್ಟುಹಬ್ಬದ ದಿನ ಎಲ್ಲರೂ ಒಂದೊಂದು ತಗೊಳ್ತಾರೆ, ನೀನೊಬ್ಬಳು ಪಾಪುವಾ ಎಂದು ಆಡಿಕೊಂಡಿದ್ದಳಂತೆ. ಬೇಡ ಎನ್ನಲು ಗುಂಡಿಗೆ ಒಂದು ನೆಪ ಬೇಕಿತ್ತು. ಅಮ್ಮನ ಕೈಗೆ ಸಿಕ್ಕಿಬಿಟ್ಟಿತು ಎನ್ನುವುದಕ್ಕಿಂತ ಒಳ್ಳೆಯ ನೆಪ ಯಾವುದು? ಇನ್ನೂ ನುಂಗಿರಲಿಲ್ಲ. ಆದರೆ ಗೆಳತಿ ಆಗಲೇ ಎರಡು ಸಲ ನುಂಗಿದ್ದಳು; ನಿದ್ದೆಯಿಲ್ಲ, ದವಡೆ ಬಿಗಿಯುತ್ತದೆ, ಸುಮ್ಮನೆ ಅಳುತ್ತಾಳೆ. ಅವಳನ್ನು ನೆನೆದರೆ ಹೆದರಿಕೆಯಾಗುತ್ತದೆ ಎಂದಳು ಗುಂಡಿ.

"ನೀನು ಗುಂಡಿ ನುಂಗಿದಾಗ ತಲೆಕೆಳಗೆ ಮಾಡಿ ಬೆನ್ನಿಗೆ ಗುದ್ದಿದ್ದೆ. ಈಗ ನನ್ನಷ್ಟೇ ಎತ್ತರ ಆಗಿದೀಯ, ಎತ್ತೋಕಾಗಲ್ಲ," ಎಂದಳು ಅಕ್ಕ. "ಅದಕ್ಕೇ ಕೇಳ್ತೀನಿ. ಬೈಯಲ್ಲ. ಕೇಳ್ತಾನೇ ಇರ್ತೀನಿ."

ಗುಂಡಿ ಜಾಕೆಟ್ಟಿನಿಂದ ಲಕೋಟೆ ತಂದು ನರ್ಸಮ್ಮನ ಕೈಗಿಟ್ಟಳು. ಅದನ್ನು ಆಸ್ಪತ್ರೆಯ ವೈದ್ಯರಿಗೆ ಒಪ್ಪಿಸುವುದಾಗಿ ಆಕೆ ಹೇಳಿದಳು. ಅಲ್ಲಿಂದ ಮೂವರು ಹೆಂಗಸರೂ ಸೀದಾ ಗೆಳತಿಯ ಮನೆಗೆ ನಡೆದರು. ಇದು ಕಾಯಿಲೆ, ಇದಕ್ಕೆ ಚಿಕಿತ್ಸೆ ಇದೆ, ನಾಚಿಕೆ ಬೇಡ ಎಂದು ನರ್ಸಮ್ಮ ಗೆಳತಿಯ ತಾಯಿಗೆ ಹೇಳಿದಳು. ಮೊದಲು ಬಾಗಿಲು ಅರ್ಧವೇ ತೆರೆದಿದ್ದ ಆ ತಾಯಿ, ಸ್ವಲ್ಪ ಹೊತ್ತಿಗೆ ಪೂರ್ತಿ ತೆರೆದಳು. ಹುಟ್ಟುಹಬ್ಬದ ಮನೆಯವರಿಗೂ ವಿಷಯ ತಿಳಿಸಿದರು; ಅಂದು ಗೆಳತಿಯರಿಬ್ಬರೂ ಅಲ್ಲಿಗೆ ಹೋಗಲಿಲ್ಲ. ಸೋಮವಾರ ನರ್ಸಮ್ಮನ ಜೊತೆ ಆ ಹುಡುಗಿ ಆಪ್ತಸಮಾಲೋಚಕರ ಬಳಿಗೆ ಹೋದಳು.

ಮನೆಗೆ ಮರಳಿದಾಗ ಅಕ್ಕನ ಗಂಡ ದ್ರಾವಣದ ಡಬ್ಬಿಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದ್ದ. ಬೀಗದ ಕೈ ಮಾತ್ರ ತನ್ನ ಅಂಗಿಯ ಜೇಬಿನಲ್ಲಿ ಮರೆತಿದ್ದ. ಮರುದಿನ ಅದು ಅವನ ಕಾಲರಿಗೆ ಲಕೋಟೆಯಲ್ಲಿ ಬಂತು, ಜೊತೆಗೊಂದು ಚೀಟಿ: "ಇದು ಏನು, ಯಾರದು? ಉತ್ತರ ಕೊಡಿ." ಬರಹ ಗುಂಡಿಯದು. ಅಂಗಡಿಯ ಪದ್ಧತಿ ಗಿರಾಕಿಗಳಿಗೆ ಹಾಗೆಯೇ ಇದೆ. ಮನೆಯವರಿಗೆ ಮಾತ್ರ ಬದಲಾಗಿದೆ.

ಓದುತ್ತಿರುವ ತಂದೆತಾಯಂದಿರೇ, ನಿಮ್ಮ ಮಗು ಸುಮ್ಮನಿದ್ದರೆ ಎಲ್ಲ ಸರಿಯಿದೆ ಎಂದುಕೊಳ್ಳಬೇಡಿ. ಇವತ್ತೇ ಕೇಳಿ, ಸಿಟ್ಟಿಲ್ಲದೆ ಕೇಳಿ. ಮಕ್ಕಳೇ, ಯಾರೇ ಕೊಡಲಿ, ಹೆಸರಿಲ್ಲದ ಮಾತ್ರೆ, ಪುಡಿ, ಹೊಗೆ ಬೇಡ ಅನ್ನಿ; ನೆಪ ಬೇಕಾದರೆ ಅಮ್ಮನ ಹೆಸರು ಹೇಳಿ. ಜೊತೆಯವರು ಏನೋ ತಿಂದು ಪ್ರಜ್ಞೆ ತಪ್ಪಿದರೆ ಬಿಟ್ಟು ಓಡಬೇಡಿ, ಪಕ್ಕಕ್ಕೆ ಮಲಗಿಸಿ, ಆಂಬುಲೆನ್ಸ್ ಕರೆಯಿರಿ, ತಿಂದದ್ದನ್ನು ಮುಚ್ಚಿಡದೆ ಹೇಳಿ. ಚಟಕ್ಕೆ ಸಿಕ್ಕವರಿಗೆ ಹತ್ತಿರದ ಆಸ್ಪತ್ರೆಯಲ್ಲಿ ದಾರಿ ಸಿಗುತ್ತದೆ. ಯಾರಾದರೂ ಕೇಳಲಿ ಎಂದು ಒಂದು ಮಗು ನಿಮ್ಮ ಮನೆಯಲ್ಲೂ ಕಾಯುತ್ತಿರಬಹುದು.