ಲಕೋಟೆಯಲ್ಲೇ ಉಳಿದ ರೆಕಾರ್ಡು

ಮೊದಲನೆಯ ಬದಿಯ ಹಿಂದೆ ಮೂರನೆಯದು ಇದೆ, ಅದಿರಲಿ. ಆದರೆ ಎರಡನೆಯದರ ಹಿಂದೆ ಆರನೆಯದು ಹೇಗೆ ಬಂತು? ಯಾರಾದರೂ ಹೀಗೆ ಮಾಡುತ್ತಾರೆಯೇ? ರಷ್ಯದವರು ಮಾಡುತ್ತಾರೇನೋ. ಅಷ್ಟು ದೊಡ್ಡ ದೇಶ, ಅವರದೇ ಒಂದು ಪದ್ಧತಿ ಇರಬಹುದು. ಅಥವಾ ನಾನೇ ತಪ್ಪು ಓದುತ್ತಿದ್ದೇನೆಯೇ? ಭಾಷೆಯನ್ನಾದರೆ ತಪ್ಪು ಓದಬಹುದು. ಸಂಖ್ಯೆಯನ್ನು ತಪ್ಪು ಓದುವುದು ಹೇಗೆ?

ಚನ್ನಬಸಯ್ಯ ನಾಲ್ಕು ರೆಕಾರ್ಡುಗಳನ್ನು ಲಕೋಟೆಯ ಸಮೇತ ಚಾಪೆಯ ಮೇಲೆ ಹರಡಿಕೊಂಡು ಕೂತಿದ್ದ. ರವಿವಾರ ಬೆಳಿಗ್ಗೆ ಎಂಟೂವರೆ. ಚೆಂಬೂರು ಸ್ಟೇಷನ್ನಿನ ಎದುರಿಗೆ ಸದಾನಂದರ ಹೋಟೆಲು, ಅದರ ಮಾಳಿಗೆಯ ಕೋಣೆ. ಕೆಳಗಿನಿಂದ ಸಾಂಬಾರಿನ ವಾಸನೆ ಮೆಟ್ಟಿಲು ಹತ್ತಿ ಬರುತ್ತಿತ್ತು. ಇನ್ನು ಅರ್ಧ ಗಂಟೆಯಲ್ಲಿ ಗ್ರಾಮಫೋನು ಕೇಳುವ ಬಳಗ ಸೇರುತ್ತದೆ.

ಒಂದೇ ಕೃತಿ, ನಾಲ್ಕು ರೆಕಾರ್ಡು, ಎಂಟು ಬದಿ. ಒಂದೊಂದು ಬದಿಗೆ ನಾಲ್ಕು ನಿಮಿಷ. ಪ್ರತಿ ಬದಿಯ ಲೇಬಲ್ಲಿನ ಮೇಲೆ ಐದಂಕಿಯ ಒಂದು ದೊಡ್ಡ ಸಂಖ್ಯೆ ಇತ್ತು, ಅದು ಏರುವ ಕ್ರಮದಲ್ಲೇ ಅವನು ಬದಿಗಳನ್ನು ಒಂದರಿಂದ ಎಂಟರವರೆಗೆ ಎಣಿಸಿದ್ದ. ಕೆಳಗೆ ರಷ್ಯನ್ ಅಕ್ಷರಗಳ ನಡುವೆ ಒಂದು ಸಣ್ಣ ಅಂಕಿಯೂ ಇತ್ತು. ಸಣ್ಣ ಅಂಕಿ ನಂಬುವಂಥದ್ದಲ್ಲ, ಒಂದು ಎನ್ನುವುದೇ ಎರಡು ಬದಿಯ ಮೇಲಿದೆ. ಅದು ಮಾಲಿನ ದರ್ಜೆ ಇದ್ದೀತೆಂದು ಅವನು ತೀರ್ಮಾನಿಸಿದ್ದ. ಬೇರೆ ಯಾರೇ ಆಗಿದ್ದರೂ ರೆಕಾರ್ಡಿನ ಮುಂದಿನ ಬದಿ ಹಾಕಿ, ತಿರುವಿ, ಹಿಂದಿನ ಬದಿ ಹಾಕುತ್ತಿದ್ದರು. ಆದರೆ ಚನ್ನಬಸಯ್ಯ ವಾಡಿಬಂದರಿನ ಗೂಡ್ಸ್ ಆಫೀಸಿನಲ್ಲಿ ಆರು ವರ್ಷದಿಂದ ಗುಮಾಸ್ತ. ಅಲ್ಲಿ ಪೆಟ್ಟಿಗೆಯ ಮೇಲೆ ಏನು ಬರೆದಿದೆ ಎಂದು ಯಾರೂ ನೋಡುವುದಿಲ್ಲ. ದೊಡ್ಡ ಸಂಖ್ಯೆ ನೋಡುತ್ತಾರೆ, ಆ ಸಂಖ್ಯೆಯ ಹಿಂದೆ ಹೋಗುತ್ತಾರೆ.

ಈ ರೆಕಾರ್ಡುಗಳು ಅವನ ಕೈಗೆ ಬಂದದ್ದೂ ಹಾಗೆಯೇ. ಪವಾಯಿಯಲ್ಲಿ ಕಟ್ಟುತ್ತಿದ್ದ ಹೊಸ ಇಂಜಿನಿಯರಿಂಗ್ ಸಂಸ್ಥೆಗೆ ರಷ್ಯದಿಂದ ಬಂದ ಯಂತ್ರದ ಪೆಟ್ಟಿಗೆಯೊಂದು ಕಾಣೆಯಾಗಿತ್ತು. ಎತ್ತರದ ಒಬ್ಬ ರಷ್ಯನ್ ಇಂಜಿನಿಯರು ನಾಲ್ಕು ದಿನ ಆಫೀಸಿಗೆ ಅಲೆದ. ಯಾರ ಮಾತು ಯಾರಿಗೂ ತಿಳಿಯುತ್ತಿರಲಿಲ್ಲ. ಚನ್ನಬಸಯ್ಯ ಮಾತಿನ ಗೋಜಿಗೆ ಹೋಗದೆ ಸಂಖ್ಯೆ ಹಿಡಿದು ಹುಡುಕಿ, ಒಂದು ಗುಡ್ಡ ಗೋಣಿಚೀಲದ ಹಿಂದಿನಿಂದ ಪೆಟ್ಟಿಗೆಯನ್ನು ಹೊರಗೆ ತೆಗೆಸಿದ. ಮರುದಿನ ಆ ಮನುಷ್ಯ ನಡುವೆ ಲೇಬಲ್ಲು ಕಾಣುವಷ್ಟು ತೂತಿದ್ದ ಕಂದು ಕಾಗದದ ಲಕೋಟೆಗಳಲ್ಲಿ ಈ ನಾಲ್ಕು ರೆಕಾರ್ಡು ತಂದು ಮೇಜಿನ ಮೇಲಿಟ್ಟ. ನಾಲ್ಕು ಬೆರಳು ತೋರಿಸಿ ಪಿಟೀಲು ಬಾರಿಸುವ ಹಾಗೆ ಕೈಯಾಡಿಸಿದ. ಎದೆ ಮುಟ್ಟಿಕೊಂಡು "ಶೋಸ್ತಕೋವಿಚ್" ಎಂದ. ಅದು ಅವನ ಹೆಸರೆಂದುಕೊಂಡು ಚನ್ನಬಸಯ್ಯ ತನ್ನ ಎದೆ ಮುಟ್ಟಿ "ಚನ್ನಬಸಯ್ಯ" ಎಂದ. ಇಬ್ಬರೂ ಬಹಳ ಹೊತ್ತು ಕೈಕುಲುಕಿದರು. ಅದು ಸಂಗೀತ ಬರೆದವನ ಹೆಸರೆಂದು ಗೊತ್ತಾದದ್ದು ವಾರದ ಮೇಲೆ, ಇಂಗ್ಲಿಷ್ ಪೇಪರು ಓದುವಾಗ.

ಲೇಬಲ್ಲಿನಲ್ಲಿ ಏನಿದೆಯೆಂದು ವಿನೋದಿನಿ ಟೀಚರನ್ನು ಕೇಳಬಹುದಿತ್ತು. ಬಳಗಕ್ಕೆ ಬರುವ ಈ ಮಂಗಳೂರಿನ ಟೀಚರು ಎರಡು ತಿಂಗಳಿಂದ ಊರಿನ ಕೋಟೆ ಭಾಗದಲ್ಲಿ ರಷ್ಯನ್ ಕ್ಲಾಸಿಗೆ ಹೋಗುತ್ತಿದ್ದರು. ಆದರೆ ಕೇಳುವುದೆಂದರೆ ಹೋಗಿ ಎದುರು ನಿಲ್ಲಬೇಕು, ಮಾತು ಶುರು ಮಾಡಬೇಕು. ಒಂದು ಪ್ರಶ್ನೆಯ ಹಿಂದೆ ಹತ್ತು ಮಾತು ಬರುತ್ತವೆ. ಅವನು ಸಂಖ್ಯೆಯನ್ನೇ ನಂಬಿದ.

ಈ ರವಿವಾರ ಎಡವಟ್ಟಾಗಬಾರದಿತ್ತು. ಹೋದ ವಾರ ಸದಾನಂದರು ಮೇಲೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತು, "ಇದನ್ನು ಫ್ಯಾಮಿಲಿ ರೂಮು ಮಾಡುವಾ ಅಂತ ಉಂಟು" ಎಂದಿದ್ದರು. "ಹೆಂಗಸರು ಮಕ್ಕಳು ಬಂದ್ರೆ ಕೂತುಕೊಳ್ಳಲಿಕ್ಕೆ ಜಾಗ ಇಲ್ಲ. ನೀವು ನೋಡಿದ್ರೆ ಕಣ್ಣು ಮುಚ್ಚಿ ಕೂತುಕೊಳ್ತೀರಿ. ಅದು ಎಂತದು ಅಷ್ಟು ಕೇಳ್ಲಿಕ್ಕೆ ಉಂಟು ಮಾರಾಯ್ರೆ?"

ಗ್ರಾಮಫೋನು ಕಾಶಪ್ಪನದು. ವಿಜಾಪುರದ ಕಡೆಯ ಜವಳಿ ವ್ಯಾಪಾರಿ, ದೊಡ್ಡ ದನಿಯವನು. ಅವನು ಬಿಡಲಿಲ್ಲ. "ಶೆಟ್ರ, ನೀವು ಒಂದ್ ದಿನಾರ ಕೂತು ಕೇಳೀರೇನು? ಇಲ್ಲಿ ಎರಡು ನಿಮಿಷ ನಿಂತ್ರ ಕೆಳಗ ಮೂರು ಸಲ ಹೋಗಿ ಬರ್ತೀರಿ. ಮುಂದಿನ ರವಿವಾರ ಒಂದ್ ಕೃತಿ ಮುಗಿಯೂತನಕ ಎದ್ದೇಳದ ಕೂಡ್ರಿ. ಎದ್ದ್ರಿ, ಖೋಲಿ ನಿಮ್ದು. ಕೂತ್ರಿ, ನಮ್ದು."

"ಚಲೋ, ಆಯ್ತು" ಎಂದು ಸದಾನಂದರು ಕೈ ಮೇಲೆ ಕೈ ಹೊಡೆದಿದ್ದರು.

ಕಾಶಪ್ಪನಿಗೆ ಅದು ಜಿದ್ದು. ಚನ್ನಬಸಯ್ಯನಿಗೆ ಹಾಗಲ್ಲ. ಧಾರವಾಡದಲ್ಲಿ ಬಿ.ಎ. ಮುಗಿಸಿ ಈ ಊರಿಗೆ ಬಂದ ಮೇಲೆ ಅವನು ಚಾಳಿನ ಒಂದು ಕೋಣೆಯಲ್ಲಿ ಐದು ಜನರ ಜೊತೆ ಮಲಗುತ್ತಿದ್ದ, ಲೋಕಲ್ಲಿನಲ್ಲಿ ನೂರು ಜನರ ಜೊತೆ ನಿಲ್ಲುತ್ತಿದ್ದ. ಎಲ್ಲರೂ ಮಾತಾಡುತ್ತಿದ್ದರು, ಮಾತಾಡದವನನ್ನು ಏನಾಯಿತೆಂದು ಕೇಳುತ್ತಿದ್ದರು. ಜನರ ನಡುವೆಯೇ ಕೂತು ಸುಮ್ಮನಿರಬಹುದಾದ, ಯಾರೂ ಏನಾಯಿತೆಂದು ಕೇಳದ ಜಾಗ ಈ ಮಾಳಿಗೆಯೊಂದೇ. ಇದು ಹೋದರೆ ಇನ್ನೊಂದು ಸಿಗುವುದಿಲ್ಲವೆಂದು ಅವನಿಗೆ ಗೊತ್ತಿತ್ತು.

ಒಂಬತ್ತಕ್ಕೆ ಹನ್ನೊಂದು ಜನ ಸೇರಿದರು. ಸದಾನಂದರು ಬಿಳಿ ಪಂಚೆಯುಟ್ಟು ಬಂದು ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತರು.

"ಬಾಗಲ ಹತ್ರ ಯಾಕ? ಓಡಾಕೇನು?" ಎಂದ ಕಾಶಪ್ಪ.

"ಗಾಳಿಗೆ" ಎಂದರು ಸದಾನಂದರು.

"ಅಯ್ಯನೋರ, ಶುರು ಮಾಡ್ರಿ. ಶೆಟ್ರನ್ನ ನಾ ನೋಡ್ಕೋತೀನಿ."

ಚನ್ನಬಸಯ್ಯ ಕೀ ಕೊಟ್ಟು, ಹೊಸ ಮುಳ್ಳು ಹಾಕಿ, ಸಂಖ್ಯೆಯ ಪ್ರಕಾರ ಮೊದಲನೆಯ ಬದಿ ಇಟ್ಟ. ಪಿಟೀಲೊಂದು ಹಗುರವಾಗಿ, ರಸ್ತೆಯಲ್ಲಿ ಸಿಳ್ಳೆ ಹಾಕುತ್ತ ಹೋಗುವವನ ಹಾಗೆ ಹೊರಟಿತು. ಕಾಶಪ್ಪ ತೊಡೆಯ ಮೇಲೆ ತಾಳ ಹಾಕಲು ನೋಡಿದ, ಸಿಗಲಿಲ್ಲ, ಬಿಟ್ಟ. ಸದಾನಂದರು ಎರಡು ಸಲ ಮೆಟ್ಟಿಲ ಕಡೆ ನೋಡಿದರು.

ಎರಡನೆಯ ಬದಿಗೆ ಒಮ್ಮೆಲೇ ಜಗಳ. ನಾಲ್ಕು ವಾದ್ಯಗಳೂ ಒಂದರ ಮೇಲೊಂದು ಬಿದ್ದು ಕೂಗಿದವು. "ಇದೆಂತ, ನಮ್ಮ ಅಡುಗೆಮನೆಯಾ?" ಎಂದರು ಸದಾನಂದರು. ಎಲ್ಲರೂ ನಕ್ಕರು. ಆದರೆ ಅವರು ಏಳಲಿಲ್ಲ. ಅಡುಗೆಮನೆಯ ಜಗಳವೆಂದ ಮೇಲೆ ಯಾರು ಗೆಲ್ಲುತ್ತಾರೆಂದು ನೋಡದೆ ಏಳುವವರಲ್ಲ ಅವರು. ಮೂರನೆಯದಕ್ಕೆ ಮತ್ತೆ ಆ ಸಿಳ್ಳೆಯವನೇ ಬಂದ. "ಇವ ವಾಪಸ್ ಬಂದ ನೋಡಿ" ಎಂದು ಪಕ್ಕದವರಿಗೆ ತೋರಿಸಿದರು.

ಪ್ರತಿ ಬದಿಗೂ ಚನ್ನಬಸಯ್ಯ ಒಂದು ರೆಕಾರ್ಡು ತೆಗೆದು, ಇನ್ನೊಂದು ಇಟ್ಟು, ಮತ್ತೆ ಮೊದಲಿನದನ್ನು ಹುಡುಕಿ ಬೆವರುತ್ತಿದ್ದ. ನಾಲ್ಕನೆಯ ಬದಿ ಮುಗಿಯುವ ಹೊತ್ತಿಗೆ ಸದಾನಂದರ ಎಡಗಾಲು ಅಲ್ಲಾಡತೊಡಗಿತ್ತು. ಕೆಳಗೆ ಯಾರೋ "ಸೇಟ್" ಎಂದು ಕರೆದರು. ಅವರು ಕುರ್ಚಿಯ ತೋಳು ಹಿಡಿದುಕೊಂಡರು. ಕಾಶಪ್ಪ ಎದ್ದು ಹೋಗಿ ಬಾಗಿಲು ಮುಚ್ಚಿ ಬಂದ.

ಐದನೆಯ ಬದಿ ಅದೇ ರೆಕಾರ್ಡಿನ ಹಿಂದುಗಡೆ ಇತ್ತು. ಅಲ್ಲಿ ಆತುರವೇ ಇರಲಿಲ್ಲ. ಕೂಗಿ ದಣಿದವರು ಈಗ ಒಬ್ಬರ ಮಾತು ಒಬ್ಬರು ಕೇಳುವ ಹಾಗೆ ನುಡಿಸುತ್ತಿದ್ದರು. ಸದಾನಂದರ ಕಾಲು ನಿಂತಿತು. ಕೊನೆಗೆ ಮೂರು ವಾದ್ಯಗಳು ಒಂದೇ ಸ್ವರ ಹಿಡಿದು ಕೂತವು, ಮೇಲೆ ಒಂದು ಪಿಟೀಲು ಮಾತ್ರ ಏನನ್ನೋ ನೆನಪು ಮಾಡಿಕೊಂಡು, ಮರೆತು, ಬೆರಳಿನಿಂದ ತಂತಿಯನ್ನು ಮೆಲ್ಲಗೆ ಮುಟ್ಟಿ ಸುಮ್ಮನಾಯಿತು. ಆಮೇಲೆ ಮುಳ್ಳಿನ ಸದ್ದೊಂದೇ.

ಯಾರೂ ಅಲ್ಲಾಡಲಿಲ್ಲ. ಸ್ಟೇಷನ್ನಿನಲ್ಲಿ ಒಂದು ಲೋಕಲ್ ಬಂತು, ಹೋಯಿತು. ಚನ್ನಬಸಯ್ಯ ಮುಳ್ಳನ್ನು ಎತ್ತಿ ಹಿಡಿದು ನಿಂತ. ಇನ್ನು ಎರಡನೆಯ ರೆಕಾರ್ಡಿನ ಹಿಂದುಗಡೆ ಹಾಕಬೇಕು. ಆಮೇಲೆ ಇನ್ನೊಂದು ರೆಕಾರ್ಡು, ಅದು ಇನ್ನೂ ಲಕೋಟೆಯಿಂದ ಹೊರಗೇ ಬಂದಿಲ್ಲ. ಸಂಖ್ಯೆ ಹಾಗೆ ಹೇಳುತ್ತಿತ್ತು. ಆರು ವರ್ಷದಲ್ಲಿ ಸಂಖ್ಯೆ ಅವನಿಗೆ ಒಮ್ಮೆಯೂ ಸುಳ್ಳು ಹೇಳಿರಲಿಲ್ಲ.

ಅಷ್ಟರಲ್ಲಿ ಕೆಳಗೆ ಒಂದು ತಟ್ಟೆ ತುಂಬ ಲೋಟಗಳು ಬಿದ್ದು ಸಿಮೆಂಟಿನ ನೆಲದ ಮೇಲೆ ಉರುಳಿದವು. ಸದಾನಂದರ ಎರಡೂ ಕೈ ಕುರ್ಚಿಯ ತೋಳಿನ ಮೇಲೆ ಬಿಗಿಯಾದವು. ಬೆನ್ನು ಮುಂದಕ್ಕೆ ಬಾಗಿತು. ಇನ್ನೊಂದು ಬದಿ ತಡೆಯುವುದಿಲ್ಲ ಈ ಮನುಷ್ಯ, ಅರ್ಧ ಬದಿಯೂ ತಡೆಯುವುದಿಲ್ಲ.

ಸದಾನಂದರು ಅವನ ಮುಖ ನೋಡಿ, ಏಳದೆಯೇ, ಪಿಸುದನಿಯಲ್ಲಿ ಕೇಳಿದರು: "ಮುಗೀತಾ?"

ಚನ್ನಬಸಯ್ಯ ಗ್ರಾಮಫೋನಿನ ಕಡೆ ತಿರುಗಿದ. ಮುಳ್ಳನ್ನು ಅದರ ಜಾಗದಲ್ಲಿ ಇಟ್ಟ. ಗ್ರಾಮಫೋನಿನ ಮುಚ್ಚಳ ಹಾಕಿದ.

ಕಾಶಪ್ಪ ಕೂತಲ್ಲಿಂದಲೇ ಚಪ್ಪಾಳೆ ಹೊಡೆದ. "ಕೂತ್ರು! ಶೆಟ್ರು ಕೂತ್ರು!"

"ಕೂತೆ ಮಾರಾಯ" ಎಂದರು ಸದಾನಂದರು. ಲೋಟಗಳನ್ನು ಅವರು ಮರೆತಿದ್ದರು. "ನನಗೆ ಇಷ್ಟು ಹೊತ್ತು ಕೂರ್ಲಿಕ್ಕಾಗ್ತದೆ ಅಂತ ನನಗೇ ಗೊತ್ತಿರ್ಲಿಲ್ಲ. ಆ ಕೊನೆಗೆ ಹೋಗುವುದು ಉಂಟಲ್ಲ, ನಮ್ಮ ಹೋಟೆಲ್ ಬಾಗಿಲು ಹಾಕುವಾಗ ಹಾಗೇ. ಎಲ್ಲ ಹೋಗಿ ಆಗಿದೆ, ಒಬ್ಬ ಮಾತ್ರ ಖಾಲಿ ಲೋಟ ಇಟ್ಟುಕೊಂಡು ಕೂತಿರ್ತಾನೆ. ಏಳು ಅಂತ ಹೇಳ್ಲಿಕ್ಕೆ ಮನಸ್ಸು ಬರುವುದಿಲ್ಲ. ತಿರುಗಿ ನೋಡಿದ್ರೆ ಅವನೂ ಹೋಗಿರ್ತಾನೆ." ಸ್ವಲ್ಪ ನಾಚಿದವರಂತೆ ಪಂಚೆ ಸರಿಮಾಡಿಕೊಂಡರು. "ರೂಮು ನಿಮ್ಮದೇ. ಎಲ್ಲರಿಗೂ ಶಿರಾ ಕಳಿಸ್ತೇನೆ."

ಅವರು ಕೆಳಗಿಳಿದ ಮೇಲೆ ಗದ್ದಲ. ಲೋಟ ಬೀಳಿಸಿದವನಿಗೆ ಬೈಗುಳ ಕೇಳಿಸಿತು, ಆದರೆ ಅದರಲ್ಲಿ ಎಂದಿನ ಖಾರ ಇರಲಿಲ್ಲ.

ಚನ್ನಬಸಯ್ಯ ಮಾತ್ರ ಆ ಗದ್ದಲದಲ್ಲಿ ಸೇರಲಿಲ್ಲ. ಕೆಲಸ ಆಗಿತ್ತು, ಆದರೆ ಬಾಯಿಂದ ಆಡದೆ, ಮುಚ್ಚಳ ಹಾಕಿ ಹೇಳಿದ ಸುಳ್ಳಿನಿಂದ ಆಗಿತ್ತು. ಅವನು ಲಕೋಟೆಗಳನ್ನು ಬೇಗ ಬೇಗ ಒಟ್ಟುಗೂಡಿಸುತ್ತಿರುವಾಗ ವಿನೋದಿನಿ ಬಂದು ಗ್ರಾಮಫೋನಿನ ಮುಚ್ಚಳ ತೆಗೆದರು. ಕನ್ನಡಕ ಏರಿಸಿ, ಮೇಲಿದ್ದ ರೆಕಾರ್ಡಿನ ಲೇಬಲ್ಲಿಗೆ ಮುಖ ಒಡ್ಡಿದರು.

"ಚಾಸ್ತ್... ಐದು. ಐದನೆಯ ಭಾಗ" ಎಂದು ಬೆರಳಿಟ್ಟು ಓದಿದರು. "ಮತ್ತೆ ಇದು, ಒ... ಕೊಂ... ಚಾ... ನಿ... ಯೆ. ಇದು ಹೋದ ವಾರ ಕಲಿತದ್ದೇ! ಮುಕ್ತಾಯ ಅಂತ ಅರ್ಥ." ಮುಖ ಎತ್ತಿದರು. "ಐದನೆಯ ಭಾಗದ ಮುಕ್ತಾಯ. ಸರಿಯಾಗಿ ಕೊನೆಗೇ ನಿಲ್ಲಿಸಿದ್ದೀರಿ."

"ಹೌದಾ?" ಎಂದ ಚನ್ನಬಸಯ್ಯ.

"ಹೌದಾ ಅಂತ ನನ್ನನ್ನು ಕೇಳ್ತೀರಲ್ಲ! ರಷ್ಯನ್ ಬರ್ತದೆ ಅಂತ ನಮಗೆ ಹೇಳಲೇ ಇಲ್ಲ. ನಾನು ಎರಡು ತಿಂಗಳಿಂದ ಬಸ್ಸು ಹತ್ತಿ ಕೋಟೆಗೆ ಹೋಗ್ತಿದ್ದೇನೆ."

"ಬರೂದಿಲ್ಲ ಟೀಚರ್."

"ಕೇಳಿದ್ರಾ ಕಾಶಪ್ಪನವರೇ, ಬರುವುದಿಲ್ಲವಂತೆ."

"ಅಯ್ಯನೋರಿಗೆ ಏನೇನ್ ಬರ್ತೈತಿ ಅಂತ ಯಾರಿಗ್ ಗೊತ್ತು" ಎಂದ ಕಾಶಪ್ಪ. "ಬಾಯಿ ಬಿಟ್ರ ಅಲ್ಲಾ ತಿಳಿಯೂದು?"

ಶಿರಾ ಬಂತು. ಎಲ್ಲರೂ ಅದರ ಕಡೆ ತಿರುಗಿದಾಗ ಚನ್ನಬಸಯ್ಯ ಉಳಿದ ರೆಕಾರ್ಡುಗಳನ್ನು ಮೊದಲ ಸಲ ಸಣ್ಣ ಅಂಕಿ ಹಿಡಿದು ನೋಡಿದ. ಒಂದು, ತಿರುವಿದರೆ ಒಂದು. ಎರಡು, ತಿರುವಿದರೆ ಮೂರು. ಲಕೋಟೆಯಲ್ಲೇ ಉಳಿದಿದ್ದರ ಎರಡೂ ಬದಿಗೆ ನಾಲ್ಕು. ಕೊನೆಯದಕ್ಕೆ ಐದು, ಐದು. ಮುಂದೆ ಹಾಕಿ ಹಿಂದೆ ತಿರುವಿದ್ದರೆ ಸಾಕಿತ್ತು, ಎಲ್ಲ ಸಾಲಾಗಿ ಬರುತ್ತಿತ್ತು. ದೊಡ್ಡ ಸಂಖ್ಯೆ ಬಹುಶಃ ಅವರ ಗೋದಾಮಿನದು. ಹಾದಿ ಪೂರ್ತಿ ತಪ್ಪಿ, ಮೂರು ಬದಿ ಬಿಟ್ಟು, ನಿಲ್ಲಬೇಕಾದ ಜಾಗದಲ್ಲೇ ನಿಂತಿದ್ದೇನೆ ಎಂದುಕೊಂಡ. ಮುಳ್ಳೆತ್ತಿ ನಿಂತ ಆ ಗಳಿಗೆಯಲ್ಲಿ ತನಗೆ ಒಳಗೆಲ್ಲೋ ಅದು ಗೊತ್ತಿತ್ತೇ, ಅಥವಾ ಕುರ್ಚಿ ಬಿಗಿಹಿಡಿದ ಸದಾನಂದರ ಕೈ ಕಂಡ ಹೆದರಿಕೆ ಮಾತ್ರವೇ? ಬಹಳ ಯೋಚಿಸಿದ. ಎರಡೂ ಇರಬಹುದು ಅನ್ನಿಸಿತು. ಶಿರಾದಲ್ಲಿ ಗೋಡಂಬಿ ಧಾರಾಳವಾಗಿತ್ತು.

ಮುಂದಿನ ರವಿವಾರ ಸದಾನಂದರು ತಾವಾಗಿಯೇ ಮೇಲೆ ಬಂದರು. ಈ ಸಲ ಕುರ್ಚಿಯನ್ನು ಬಾಗಿಲಿನಿಂದ ಒಳಗೆ ಎಳೆದುಕೊಂಡು, "ಅದನ್ನೇ ಹಾಕಿ ಮಾರಾಯ್ರೆ, ಖಾಲಿ ಲೋಟದವನದ್ದು" ಎಂದರು. ಚನ್ನಬಸಯ್ಯ ಮುಂದೆ, ಹಿಂದೆ, ಮುಂದೆ, ಹಿಂದೆ ಎಂದು ಎಂಟೂ ಬದಿ ಸಾಲಾಗಿ ಹಾಕಿದ. ಬೆವರಲಿಲ್ಲ. ನಾಲ್ಕನೆಯ ಭಾಗದಲ್ಲಿ ಹಿಂದಿನ ವಾರ ಯಾರೂ ಕೇಳಿರದ ಭಾರವಾದ, ನಿಧಾನವಾದ ಒಂದು ನಡಿಗೆ ಇತ್ತು. ಅದನ್ನು ದಾಟಿ ಬಂದ ಮೇಲೆ ಆ ಕೊನೆಯ ಪಿಟೀಲು ಇನ್ನೂ ದೂರದಿಂದ ಬಂದ ಹಾಗೆ ಕೇಳಿಸಿತು. ಮುಗಿದಾಗ ಕೋಣೆಯಲ್ಲಿ ಮೊದಲಿಗಿಂತ ಹೆಚ್ಚು ಹೊತ್ತು ಸದ್ದಿರಲಿಲ್ಲ. ಚನ್ನಬಸಯ್ಯ ಆ ಮೌನದಲ್ಲಿ, ಹನ್ನೆರಡು ಜನರ ನಡುವೆ, ಹಾಯಾಗಿ ನಿಂತಿದ್ದ.

ಮೊದಲು ಸದಾನಂದರೇ ಕೆಮ್ಮಿದರು. "ಹೋದ ವಾರ ಇಷ್ಟು ಉದ್ದ ಇರ್ಲಿಲ್ಲ, ಅಲ್ವಾ?"

"ಹೋದ ವಾರ ನಿಮಗ ಎದ್ದೇಳೂ ಅವಸರ ಇತ್ತು, ಅರ್ಧ ಕೇಳೇ ಇಲ್ಲ ನೀವು" ಎಂದ ಕಾಶಪ್ಪ. "ಇವತ್ತು ಮನಸ್ಸಿಟ್ಟು ಕೇಳೀರಿ. ಹೌದಲ್ಲರೀ ಅಯ್ಯನೋರ?"

ವಿನೋದಿನಿ ಕನ್ನಡಕದ ಮೇಲಿನಿಂದ ಚನ್ನಬಸಯ್ಯನನ್ನು ನೋಡಿ ನಕ್ಕರು. ಅವನೂ ನಕ್ಕು ಮುಚ್ಚಳ ಹಾಕಿದ.

ಹಿಂದಿನ ವಾರ ತಾನು ಮುಚ್ಚಳ ಹಾಕಿದಾಗ, ತನ್ನ ಲೆಕ್ಕದಲ್ಲಿ ಇನ್ನೂ ಮೂರು ಬದಿ ಬಾಕಿ ಇದ್ದವು ಎಂದು ಅವನು ಯಾರಿಗೂ ಹೇಳಲಿಲ್ಲ.