ರೇಷ್ಮೆ ಗೂಡಿನ ಬೆಳ್ಳಕ್ಕಿ

ಮುಳ್ಳೂರಿನ ಕೆಂಪನಂಜಪ್ಪನವರ ಮನೆಯಲ್ಲಿ ರೇಷ್ಮೆ ಹುಳಕ್ಕಿದ್ದ ಮರ್ಯಾದೆ ಮನುಷ್ಯರಿಗಿರಲಿಲ್ಲ. ಹುಳ ಹಣ್ಣಾಗಿ ಗೂಡು ಕಟ್ಟುವ ಹೊತ್ತಿಗೆ ಒಗ್ಗರಣೆ ಹಾಕುವಂತಿಲ್ಲ, ಊದುಬತ್ತಿ ಹಚ್ಚುವಂತಿಲ್ಲ, ನೆಂಟರು ಬರುವಂತಿಲ್ಲ. ಅಂಥ ಮನೆಗೆ ಹನೂರಿನಿಂದ ಬಂದ ಸೊಸೆ ದೀಪಶ್ರೀ ಗೂಡು ಕತ್ತರಿಸಿ ಹೂವು, ಹಕ್ಕಿ ಮಾಡತೊಡಗಿದರೆ ಮಾವನಿಗೆ ಮೈ ಉರಿಯದೆ ಇನ್ನೇನು? ಅವಳು ಮುಟ್ಟುತ್ತಿದ್ದುದು ಚಿಟ್ಟೆ ಹೊರಬಿದ್ದು ತೂತಾದ, ನೂಲಿಗೆ ಬಾರದ ಗೂಡನ್ನು ಮಾತ್ರ. ಆದರೂ ಅವರ ಗೊಣಗಾಟ ನಿಲ್ಲಲಿಲ್ಲ.

"ಒಟ್ಟೆಗಿಟ್ಟಿಲ್ದಿದ್ರೂ ಜುಟ್ಟಿಗೆ ಮಲ್ಲಿಗೆ ಊವ" ಎಂದು ಜಗಲಿ ದಾಟುವಾಗಲೆಲ್ಲ ಚುಚ್ಚುತ್ತಿದ್ದರು.

ಜಗಲಿಯೇ ಅವಳ ಕಾರ್ಖಾನೆ. ಗಾಳಿ ಬಂದರೆ ರೆಕ್ಕೆ ಹಾರಿಹೋಗುತ್ತಿತ್ತು, ಬೆಕ್ಕು ಬಂದರೆ ಹಕ್ಕಿಯೇ ಹೋಗುತ್ತಿತ್ತು. ತೋಟದಲ್ಲಿ ಹುಳ ಸಾಕುವ ಹೊಸ ಮನೆ ಎದ್ದ ಮೇಲೆ ಹಿತ್ತಲಿನ ಹಳೆಯದು ಖಾಲಿ ಬಿದ್ದಿತ್ತು. ಅದೊಂದು ಸಿಕ್ಕರೆ ಊರಿನ ನಾಲ್ಕು ಹೆಣ್ಣುಮಕ್ಕಳನ್ನು ಕೂರಿಸಿಕೊಂಡು ಕೆಲಸ ಕಲಿಸಬಹುದೆಂದು ಅವಳ ಆಸೆ. ಅದನ್ನು ಗೊಬ್ಬರದ ಗೋಡೌನಿಗೆ ಕೇಳಿ ಕೊಳ್ಳೇಗಾಲದ ವ್ಯಾಪಾರಿಯೂ ಕಾದಿದ್ದ.

ಅಷ್ಟರಲ್ಲಿ ಯಳಂದೂರಿನ ಹೊಸ ವಾಚನಾಲಯದ ಗೋಡೆಗೆ ಕೆರೆಯಿಂದ ಮೇಲೇಳುವ ಬೆಳ್ಳಕ್ಕಿ ಹಿಂಡು ಬೇಕೆಂದು ಅದನ್ನು ನಡೆಸುವ ರಮ್ಯ ಕೇಳಿದಳು.

"ಅಲ್ಲಿ ನಾಕ್ ಜನ ಮೆಚ್ಲಿ, ಹಳೇ ಮನೆ ನಿಂದೇಯ" ಎಂದರು ಮಾವ. "ಇಲ್ದಿದ್ರೆ ಗೊಬ್ಬರದವನಿಗೆ ಕೊಟ್ಬುಡ್ತೀನಿ."

ರೆಕ್ಕೆಗೆ ತೂತು ಗೂಡು ಸಾಕು. ಮೈಗೆ ಮಾತ್ರ ಕಲೆಯಿಲ್ಲದ, ಇಡೀ ಗೂಡೇ ಬೇಕು. ಅತ್ತೆ ಶಿವರತ್ನಮ್ಮ ಗಂಡನ ಜೊತೆ ಜಗಳವಾಡಿ ಹೊಸ ಬೆಳೆಯಲ್ಲಿ ಒಂದು ಬುಟ್ಟಿ ಕೊಡಿಸಿದರು.

"ಆವಿಗಾಕವ್ವ ಮೊದ್ಲು. ಒಳಗಿರೋದು ಸುಮ್ನಿರಾಕಿಲ್ಲ" ಎಂದು ಎಚ್ಚರಿಸಿದರು ಕೂಡ.

ದೀಪಶ್ರೀ ಒಂದು ಹಿಡಿ ಗೂಡನ್ನು ಆವಿಗೆ ಹಾಕಿದಳು. ಹಾಲಿನ ಬಿಳುಪು ಹೋಗಿ ಹಳೇ ಪಂಚೆಯ ಬಣ್ಣಕ್ಕೆ ತಿರುಗಿತು. ಬೆಳ್ಳಕ್ಕಿ ಬೆಳ್ಳಗಿರದಿದ್ದರೆ ಹೇಗೆ? ಹೇಗೂ ಅಂಟು ಬಳಿಯುತ್ತೇನಲ್ಲ, ಒಳಗಿನ ಹುಳ ಅಲ್ಲೇ ಸಾಯುತ್ತದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಉಳಿದದ್ದನ್ನು ಹಾಗೇ ಅಂಟಿಸಿದಳು. ಮಳೆಯನ್ನೇ ನಂಬಿದ ಹನೂರಿನ ಹೊಲದ ಹುಡುಗಿಗೆ ಹುಳದ ಹಟ ಎಲ್ಲಿ ಗೊತ್ತು!

ಹಿಂಡು ಕೆಲವು ದಿನ ಮೊದಲೇ ವಾಚನಾಲಯದ ಗೋಡೆ ಸೇರಿತ್ತು. ಉದ್ಘಾಟನೆಯ ಬೆಳಿಗ್ಗೆ ಇಸ್ತ್ರಿ ಪಂಚೆಯುಟ್ಟ ಮಾವನ ಜೊತೆ ಅವಳು ಯಳಂದೂರಿಗೆ ಬಂದಾಗ ರಮ್ಯ ಬಾಗಿಲಲ್ಲೇ ನಿಂತಿದ್ದಳು.

"ಅಕ್ಕ, ನಿಮ್ ಹಕ್ಕಿ ಒಳಗೆ ಏನೋ ಆಡ್ತಾ ಇದೆ."

ದೀಪಶ್ರೀ ಒಳಗೆ ಓಡಿದಳು. ಬೆಳ್ಳಕ್ಕಿಗಳ ಮೈಯೆಲ್ಲ ಒದ್ದೆಯಾಗಿ, ಕಂದು ಕಲೆಯಾಗಿ, ತೂತು ಬಿದ್ದಿತ್ತು. ತೂತುಗಳಿಂದ ಚಿಟ್ಟೆಗಳು ತಲೆ ಹಾಕುತ್ತಿದ್ದವು. ಹೊರಬಿದ್ದ ಚಿಟ್ಟೆಗಳು ಗೂಡು ಕತ್ತರಿಸಿ ಮಾಡಿದ ರೆಕ್ಕೆಗಳ ಮೇಲೆ ಕೂತು, ಹಾರಲು ಬಾರದೆ, ತಮ್ಮ ಬಿಳಿ ರೆಕ್ಕೆಗಳನ್ನು ಪಟಪಟನೆ ಬಡಿಯುತ್ತಿದ್ದವು. ಇಡೀ ಹಿಂಡೇ ಅಲುಗಾಡುತ್ತಿತ್ತು. ಬಂದ ಜನ ಮೇಜು ಬಿಟ್ಟು ಗೋಡೆಯನ್ನು ಮುತ್ತಿದ್ದರು. ಅವಳಿಗೆ ಅದೊಂದೂ ಕಾಣಲಿಲ್ಲ. ಕಂಡದ್ದು ಕಲೆ, ಗೊಬ್ಬರದ ಮೂಟೆ, ಮಾವನ ಮುಖ.

"ತಪ್ಪಾಯ್ತು ಮಾವ. ಅತ್ತೆ ಯೋಳಿದ್ರು, ನಾನೇ ಆವಿಗಾಕ್ನಿಲ್ಲ."

ಕೆಂಪನಂಜಪ್ಪ ಕುರ್ಚಿ ಎಳೆದುಕೊಂಡು ಗೋಡೆಗೆ ಹತ್ತಿರವಾಗಿ ಕೂತರು. ಒಂದು ಗೂಡಿನ ತುದಿ ನೆನೆಯಿತು, ಎಳೆ ಸಡಿಲವಾಯಿತು, ತಲೆ ಬಂತು, ಕಾಲು ಬಂತು. ಮುದುಡಿದ ರೆಕ್ಕೆ ಒಣಗಿ ಬಿಚ್ಚಿಕೊಳ್ಳುವವರೆಗೂ ಅವರು ಕದಲಲಿಲ್ಲ. ಅತ್ತ ಭಾಷಣ ಶುರುವಾಯಿತು, ಮುಗಿಯಿತು, ಉಪ್ಪಿಟ್ಟೂ ಆರಿತು.

"ಬುದ್ಧಿ ಬಂದಾಗ್ನಿಂದ ಸೊಪ್ಪಾಕಿವ್ನಿ" ಎಂದರು ಕೊನೆಗೆ, ಗೋಡೆಯಿಂದ ಕಣ್ಣು ತೆಗೆಯದೆ. "ಗೂಡು ಕಟ್ತು ಅಂದ್ರೆ ಮಾರ್ಕೆಟ್ಗೆ ಓಡ್ತಿದ್ದೆ. ಎಲ್ಲಾದ್ರೂ ಒಂದು ಚಿಟ್ಟೆ ಎದ್ರೆ ಗೂಡು ಕೆಟ್ಟೋಯ್ತು ಅಂತ ಪೊರಕೆ ತಕತಿದ್ದೆ. ಅದು ಈಚ್ಗೆ ಬರಾದ್ನ ಕುಂತು ನೋಡಿದ್ದು ಇವತ್ತೇ ಕಣವ್ವ."

ದೀಪಶ್ರೀಯೂ ಅವರ ಕುರ್ಚಿಯ ಪಕ್ಕ ಕೂತು ಆಗಷ್ಟೇ ಚಿಟ್ಟೆಗಳನ್ನು ಕಣ್ತುಂಬ ನೋಡಿದಳು.

ಪಂಚೆಯ ಮೇಲೆ ಬಿದ್ದ ಚಿಟ್ಟೆಯೊಂದನ್ನು ಅವರು ಎರಡು ಬೆರಳಲ್ಲಿ ಮೆಲ್ಲಗೆ ಎತ್ತಿ ಬೆಳ್ಳಕ್ಕಿಯ ಬೆನ್ನಿಗೆ ಬಿಟ್ಟರು.

"ಹಳೇ ಮನೆ ಬೀಗದ್ಕೈ ನಿಮ್ಮತ್ತೆ ತಾವದೆ, ಇಸ್ಕೊ. ಇನ್ನು ಬೆಳೆ ಬೆಳೆಗೂ ಒಂದು ತಟ್ಟೆ ಗೂಡ ನಾನು ಮಾರಾಕಿಲ್ಲ. ಅವು ಎದ್ದು ಓಗ್ಲಿ. ಆಮ್ಯಾಕೆ ಗೂಡ ನೀನ್ ತಕೊ."